ನಿಂಬೆ ಹಿಂಡದ ವಿಸ್ಕಿ

ಮನೆ ಮಾಲೀಕ ಮೇಲಿನ ಮಹಡಿಯ ಬಾಗಿಲು ತಟ್ಟಿದಾಗ ಹಲ್ಲಿನ ಡಾಕ್ಟರಮ್ಮ ಕಾಫಿಯ ಮೊದಲ ಗುಟುಕು ಹೀರಿದ್ದರಷ್ಟೆ. ಬಾಡಿಗೆಗೆ ಬಂದ ಅವರು ಬೀದಿಯ ಕಳ್ಳತನಗಳನ್ನು ಪತ್ತೆಹಚ್ಚಿ ಹೆಸರಾಗಿದ್ದರು.

"ಡಾಕ್ಟ್ರೇ, ಅಪ್ಪನ ಕಾಲದ ವಿಸ್ಕಿ ಕದ್ದು ಕುಡಿದು ನೀರು ತುಂಬಿದ್ದಾರೆ. ಇನ್ಯಾರು, ನನ್ನ ತಮ್ಮನೇ! ಅಮ್ಮನ ಮುಂದೆ ನೀವೊಂದು ಮಾತು ಹೇಳಿಬಿಡಿ. ಗಂಡ ಹೆಂಡತಿ ಇಬ್ಬರನ್ನೂ ಇವತ್ತೇ ಆಚೆ ಹಾಕ್ತೀನಿ."

ಡಾಕ್ಟರ ನೆರಳಿನಂತಿದ್ದ ನರ್ಸ್ ಕಿವಿ ನೆಟ್ಟಗಾಗಿಸಿದಳು. ಮಾಲೀಕನ ತಮ್ಮ ಸಾಧುಪ್ರಾಣಿ. ಆದರೆ ಅವಳಿಗೆ ಸಾಧುಗಳ ಮೇಲೇ ಗುಮಾನಿ ಹೆಚ್ಚು. ಹಲ್ಲು ಕೀಳುವಾಗ ಕೈ ಕಚ್ಚುವವರು ಅವರೇ. ಹೋದ ವಾರ ಬಡಗಿಯೊಬ್ಬ ತಮ್ಮನ ಕೋಣೆಯನ್ನು ಅಳೆಯುತ್ತಿದ್ದುದನ್ನೂ ಅವಳು ಡಾಕ್ಟರಿಗೆ ಹೇಳಿದ್ದಳು.

ಕೆಳಗೆ ಎಲ್ಲರೂ ಸೇರಿದರು. ತಾಯಿ ಕುರ್ಚಿಯಲ್ಲಿ, ತಮ್ಮ ಬಾಗಿಲಿಗೊರಗಿ, ಪಕ್ಕದಲ್ಲಿ ಅವನ ಹೆಂಡತಿ. ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಕಡು ಕಂದು.

"ನಿಮ್ಮ ಕೈಯ ನಿಂಬೆ ವಿಸ್ಕಿ ಬೀದಿಗೆಲ್ಲ ಗೊತ್ತು. ಇದರಲ್ಲೇ ಒಂದು ಮಾಡಿ, ರುಚಿ ನೋಡೋಣ," ಎಂದರು ಮಾಲೀಕನಿಗೆ.

ಮಾಲೀಕ ವಿಸ್ಕಿಗೆ ಸಕ್ಕರೆ ಪಾಕ, ಐಸು ಹಾಕಿ ಕಲಕಿದ. ಮೇಲೊಂದು ಕಿತ್ತಳೆ ಸಿಪ್ಪೆ ತಿರುಚಿಟ್ಟ.

"ನಿಂಬೆ?"

"ಮನೇಲಿ ಇಲ್ಲ."

"ಬುಟ್ಟಿ ತುಂಬ ಇದೆಯಲ್ಲ ಭಾವ!" ಎಂದಳು ತಮ್ಮನ ಹೆಂಡತಿ.

"ನನಗೆ ಎದೆಯುರಿ ಕಣಮ್ಮ."

"ಬೆಳಿಗ್ಗೆ ತಾನೇ ಎರಡು ಲೋಟ ನಿಂಬೆ ಷರಬತ್ತು ಇಳಿಸಿದ್ರಿ!"

ಡಾಕ್ಟರು ತಾವೇ ನಿಂಬೆ ತಂದು ನಾಲ್ಕು ಹನಿ ಹಿಂಡಿದರು. ಲೋಟದ ಕಂದು ನೋಡನೋಡುತ್ತ ಒಣಹುಲ್ಲಿನ ಬಣ್ಣಕ್ಕೆ ಇಳಿಯಿತು.

"ನೀರು ಬೆರೆತಿದ್ದರೆ ಬಾಟಲಿಯಲ್ಲೇ ಬಣ್ಣ ತೆಳುವಾಗಿರಬೇಕಿತ್ತು. ಆಗಿಲ್ಲ. ನಾಲ್ಕು ಹನಿ ನಿಂಬೆಗೆ ವಿಸ್ಕಿ ಹೀಗೆ ಬಿಳಿಚಿಕೊಳ್ಳಲ್ಲ, ಟೀ ಡಿಕಾಕ್ಷನ್ ಬಿಳಿಚಿಕೊಳ್ಳುತ್ತೆ. ಅದು ಗೊತ್ತಿಲ್ಲದವರು ರೂಢಿಯಂತೆ ನಿಂಬೆ ಹಿಂಡ್ತಿದ್ರು. ಬೆರೆಸಿದವರಿಗೆ ಮಾತ್ರ ಇದ್ದಕ್ಕಿದ್ದಂತೆ ಎದೆಯುರಿ ಬಂತು." ಡಾಕ್ಟರು ಮಾಲೀಕನತ್ತ ತಿರುಗಿದರು. "ತಮ್ಮನ ಕೋಣೆ ಬೇಕಿತ್ತು, ಅದಕ್ಕೇ ಬಡಗಿ ಬಂದು ಅಳತೆ ತಗೊಂಡ. ಆದರೆ ಸುಮ್ಮಸುಮ್ಮನೆ ಹೊರಗೆ ಹಾಕೋಕೆ ಅಮ್ಮ ಒಪ್ತಿರಲಿಲ್ಲ. ಅದಕ್ಕೆ ನೀವೇ ಟೀ ಬೆರೆಸಿ ಕಳ್ಳತನ ಅವನ ತಲೆಗೆ ಕಟ್ಟಿದ್ರಿ. ಅಲ್ವಾ?"

ಮಾಲೀಕ ಐಸನ್ನೇ ನೋಡುತ್ತಿದ್ದ. "ಆಫೀಸಿಗೆ... ಜಾಗ ಸಾಲ್ತಿರಲಿಲ್ಲ," ಎಂದ.

"ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ದೆ ಅಣ್ಣ," ಎಂದ ತಮ್ಮ. ಒಳಗೆ ಹೋಗಿ, ಆಗಲೇ ಕಟ್ಟಿಟ್ಟಿದ್ದ ಎರಡು ಪೆಟ್ಟಿಗೆ ತಂದ. "ಕಳ್ಳ ಅನ್ನಿಸಿಕೊಂಡು ಹೊಸಿಲು ದಾಟಬಾರದು ಅಂತ ತಡೆದುಕೊಂಡಿದ್ದೆ. ಇನ್ನು ಹೋಗಬಹುದು."

ತಾಯಿ ಕುರ್ಚಿಯ ಕೈ ಹಿಡಿದು ಎದ್ದರು.

"ತಡಿಯೋ. ನನ್ನ ಮಾತ್ರೆ ಡಬ್ಬಿ ತಗೊಂಡು ಬರ್ತೀನಿ."