ಸತ್ತ ದಿನ ಬಲ್ಲವರು

೧೯೮೯ರ ಅಕ್ಟೋಬರ್. ಮಾ ಬೂನ್ರೆ ಎಂಬ ಮುದುಕಿ ಬೆಳಿಗ್ಗೆಯೇ ಚುಂಚೋನ್ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಕು ತೇಸಿಕ್ ಎದುರು ಕೂತಳು.

“ಸಾಹೇಬ್ರೆ, ಸತ್ತ ದಿನ ಗೊತ್ತಿಲ್ದೋರಿಗೆ ಚಂದ್ರನ ಲೆಕ್ಕದ ಒಂಬತ್ತನೇ ತಿಂಗಳ ಒಂಬತ್ತಕ್ಕೆ ತಾನೆ ಎಡೆ ಇಡೋದು? ನನ್ ಮಗಂಗೂ ಮನೇಲಿ ಹಂಗೇ ಇಡ್ತಿದ್ದೆ. ಈ ಸಲ ಬೆಟ್ಟದ ಗುಡೀಗೆ ಹೋದ್ರೆ, ಸತ್ತೋರಿಗೆ ಇಡೋ ಹಲಗೆ ಅವನ ಹೆಸರಲ್ಲಿ ಆಗ್ಲೇ ಅಲ್ಲೈತೆ. ಸತ್ತ ದಿನಾನೂ ಕೆತ್ಸವ್ರೆ, ಮೂರನೇ ತಿಂಗಳ ನಾಲ್ಕು. ಹೆತ್ತೋಳಿಗೆ ಗೊತ್ತಿಲ್ದಿದ್ದು ಇನ್ಯಾರಿಗೆ ಗೊತ್ತು?”

ಮಗ ಪ್ಯೋ ಇನ್‌ಹೋ ಕಾಲೇಜು ವಿದ್ಯಾರ್ಥಿ. ೧೯೭೫ರಲ್ಲಿ ಸೇನಾ ಗುಪ್ತಚರ ದಳ ಅವನನ್ನು ಎಳೆದೊಯ್ದಿತ್ತು. ಗಡಿ ದಾಟಿ ಉತ್ತರದ ಶತ್ರುದೇಶಕ್ಕೆ ಓಡಿಹೋದ ಎಂದು ಆಮೇಲೆ ಸರ್ಕಾರ ಸಾರಿತು; ತಾಯಿ ನಂಬಲಿಲ್ಲ. ಕೊಲೆ ಮೊಕದ್ದಮೆ ಹೂಡಲು ಹದಿನೈದು ವರ್ಷದ ಗಡುವು. ಬರುವ ವಸಂತಕ್ಕೆ ಅದೂ ಮುಗಿಯುತ್ತಿತ್ತು. ಕು ಎಫ್‌ಐಆರ್ ದಾಖಲಿಸಿದ.

“ಸಾರ್, ಮೇಲಿನೋರು ಕೇಳಿದ್ರೆ?” ಎಂದ ಪೇದೆ ನಾಮ್.

“ಗುಡಿ ಹಲಗೆ ತಕರಾರು ಅನ್ನು. ಸುಳ್ಳೇನಲ್ವಲ್ಲ.”

ಗುಡಿಯಲ್ಲಿ ಪಂಚನಾಮೆ ಆಯಿತು. ಹಲಗೆ ಇಡಿಸಿದವರು ಯಾರೆಂದು ಕು ಭಿಕ್ಷುವನ್ನು ಕೇಳಿದ.

“ಒಬ್ರು ಯಜಮಾನ್ರು. ವರ್ಷಾವರ್ಷ ಆ ದಿನ ಬಂದು ಎಡೆ ಇಟ್ಟು ಹೋಗ್ತಾರೆ. ಹೆಸರು ಹೇಳಲ್ಲ. ಬಲಗೈಲಿ ಎರಡು ಬೆರಳಿಲ್ಲ.”

ನಾಮ್ ಬರೆಯುವುದನ್ನು ನಿಲ್ಲಿಸಿದ. ಆ ಕೈಯ ಸೆಲ್ಯೂಟ್ ಪತ್ರಿಕೆಗಳಲ್ಲಿ ನೋಡದವರೇ ಇರಲಿಲ್ಲ. ಜನರಲ್ ತಾಕ್ ಹ್ಯೋನ್‌ಗು: ೧೯೭೫ರಲ್ಲಿ ಇಲ್ಲಿಯ ದಳದ ಕರ್ನಲ್, ಆಮೇಲೆ ಇಡೀ ಗುಪ್ತಚರ ವಿಭಾಗದ ಮುಖ್ಯಸ್ಥ. ಈಗ ನಿವೃತ್ತ, ಆದರೂ ಅವರ ಹೆಸರು ಹೇಳಲು ಜನ ದನಿ ತಗ್ಗಿಸುತ್ತಿದ್ದರು. ಕುವಿಗೂ ಭಯವಾಯಿತು. ಮುಂದಿನ ಸೋಮವಾರ ಇಬ್ಬರೂ ಅವರ ಮನೆಗೆ ಹೋದರು.

“ನಾನು ಒಳಗೆ ಬಂದ್ರೆ ಮಂತ್ರಿಗಳು ಎದ್ದು ನಿಲ್ತಿದ್ರು. ನೀನ್ಯಾವೋನಯ್ಯಾ?” ಎಂದು ತಾಕ್ ಗದರಿದ.

“ಪ್ಯೋ ಇನ್‌ಹೋ ಗೊತ್ತಾ?”

“ಓಡಿಹೋದ ದೇಶದ್ರೋಹಿ. ಕಡತ ನೋಡು.”

“ಹಾಗಾದ್ರೆ ಬದುಕಿದಾನೆ. ಬದುಕಿರೋನಿಗೆ ಎಡೆ ಯಾಕೆ? ಇವತ್ತೇ ಆ ಹಲಗೆ ಒಲೆಗೆ ಹಾಕಿಸ್ತೀನಿ.”

ಕು ಬಾಗಿಲವರೆಗೆ ಹೋಗಿದ್ದ.

“ಮುಟ್ಬೇಡ ಅದನ್ನ!” ಮುದುಕ ಎದ್ದು ನಿಂತ. “ಹಸಿದ್ರೆ ಅವನು ಬರೋದು ನನ್ ಮನೆ ಬಾಗಿಲಿಗೇ.”

“ದಿನ ಸುಳ್ಳು ಕೆತ್ತಿಸಬಹುದಿತ್ತಲ್ಲ?”

“ದಿನ ತಪ್ಪಿದ ಎಡೆ ಸತ್ತೋರಿಗೆ ಮುಟ್ಟಲ್ಲ ಕಣಯ್ಯಾ.”

ಸರ್ಕಾರಕ್ಕೆ, ಪತ್ರಿಕೆಗೆ, ಹೆತ್ತ ತಾಯಿಗೆ ಸುಳ್ಳು ಹೇಳಿದ್ದ ಮನುಷ್ಯನಿಗೆ ಪ್ರೇತದ ಮುಂದೆ ಮಾತ್ರ ಸುಳ್ಳು ಹೇಳುವ ಧೈರ್ಯ ಬಂದಿರಲಿಲ್ಲ. ಹೂತ ಜಾಗವನ್ನು ಆತನೇ ತೋರಿಸಿದ: ಹಳೆಯ ಶಿಬಿರದ ಲಾಯದ ಹಿಂದೆ. ಪಂಚರ ಎದುರು ಅಗೆದಾಗ ಮೂಳೆಗಳು ಸಿಕ್ಕವು. ಸಂಜೆ ಬಂಧನವಾಯಿತು.

ತಾಕ್ ಕೊಟ್ಟ ಹೇಳಿಕೆ ಚಿಕ್ಕದು. ಹುಡುಗ ಸತ್ತದ್ದು ವಿಚಾರಣೆಯಲ್ಲಿ, ತಾನು ಕೊಟ್ಟ ಏಟಿಗೇ. ನಿಜ ಹೇಳಿದ್ದರೆ ಬಡ್ತಿ ಕೈತಪ್ಪುತ್ತಿತ್ತು. ‘ಓಡಿಹೋದ’ ಎಂದು ಬರೆದ ಕೆಲವೇ ತಿಂಗಳಲ್ಲಿ ಹೆಗಲಿಗೆ ಜನರಲ್ ಪದವಿಯ ಮೊದಲ ನಕ್ಷತ್ರ ಬಂತು. ಮುಂದಿನ ಮೆಟ್ಟಿಲುಗಳೆಲ್ಲ ಅದರ ಮೇಲೇ ನಿಂತವು.

ಬೂನ್ರೆ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ.

“ದಿನ ತಪ್ಪಿದ್ರೆ ಮುಟ್ಟಲ್ಲ ಅಂದ್ನಾ ಅವನು?”

“ಹೂಂ ಅಜ್ಜಿ.”

“ಹಂಗಾರೆ ನಾನಿಟ್ಟಿದ್ದು ಒಂದು ತುತ್ತೂ ಮುಟ್ಲಿಲ್ವಾ? ಇಷ್ಟು ವರ್ಷ ಕೊಂದೋನ ಕೈ ಅನ್ನಾನೇ ಉಂಡ್ನಾ ನನ್ ಮಗ?”

ಅವಳು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮೂಳೆಗಳನ್ನು ಯಾವಾಗ ಕೊಡುತ್ತೀರಿ ಎಂದು ಕೇಳಿದಳು.