ಹೊಟ್ಟೆಗೆ ಹಾಕಿಕೊಂಡದ್ದು

ಬೆಳಗ್ಗೆ ಬ್ಯಾಂಡೇಜು ಬಿಚ್ಚಿದಾಗ ಸ್ಪಂಜು ಟ್ರೇಗೆ ಬಿತ್ತು.

ಅದು ರೋಗಿಯ ಹೊಟ್ಟೆಯ ಚರ್ಮದ ಕೆಳಗೆ ಇರಬೇಕಾಗಿದ್ದ ಸ್ಪಂಜು. ರಕ್ತದಲ್ಲಿ ತೊಯ್ದು ಹೊರಗೆ ಬಂದಿತ್ತು. ಒಂದು ಹೊಲಿಗೆ ಬಿಚ್ಚಿಕೊಂಡಿತ್ತು. ನರ್ಸು ಓಡಿಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು.

"ಮೈ ಒಪ್ಪಲಿಲ್ಲ. ಉಗುಳಿಬಿಟ್ಟಿದೆ" ಎಂದರು ಅವರು.

ಗಾಯದೊಳಗೆ ಇಣುಕಿದರು. ಬರೀ ಕೆಂಪು ಮಾಂಸ, ಸ್ಪಂಜಿನ ಸುಳಿವಿಲ್ಲ. ಆ ಮಾಂಸದ ಒಂದು ಚೂರನ್ನು ಒಂದು ಬಾಟಲಿಗೂ ಬಿದ್ದ ಸ್ಪಂಜನ್ನು ಇನ್ನೊಂದಕ್ಕೂ ಹಾಕಿ ನನ್ನ ಹತ್ತಿರ ಕಳಿಸಿದರು. ಮಧ್ಯಾಹ್ನ ಗಾಯ ತೆರೆದು ಒಳಗಿನದನ್ನೆಲ್ಲ ಕೆರೆದು ತೆಗೆಯುವುದು, ಸ್ಪಂಜು ಇಡುವ ಈ ಚಿಕಿತ್ಸೆಯನ್ನೇ ನಿಲ್ಲಿಸುವುದು ಎಂದು ತೀರ್ಮಾನವೂ ಆಯಿತು. ಬಾಕಿ ಇದ್ದದ್ದು ನನ್ನ ಒಂದು ಸಾಲಿನ ವರದಿ.

ನಾನು ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಮೇಲಿನವರು ಕೊಯ್ದು ಕಳಿಸುವ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರು. ಬೆನ್ನ ಹಿಂದೆ ನನ್ನನ್ನು 'ಭೂತಗನ್ನಡಿ' ಎನ್ನುತ್ತಾರೆ. ಸ್ಪಂಜು ಇಟ್ಟ ಸರ್ಜನ್ ನನ್ನ ಸಹಪಾಠಿ. ಅವಳನ್ನು 'ಕೈಗುಣ' ಎನ್ನುತ್ತಾರೆ, ಮುಖದೆದುರೇ. ಒಂದೇ ಬೆಂಚಿನಲ್ಲಿ ಕೂತು ಓದಿದೆವು. ಅವಳ ಕೈಯನ್ನು ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ನನ್ನ ಮುಖ ಯಾವ ರೋಗಿಗೂ ಗೊತ್ತಿಲ್ಲ.

ನಿಜ ಹೇಳುತ್ತೇನೆ. ಬಾಟಲಿಗಳು ಬಂದಾಗ ನನಗೆ ಖುಷಿಯಾಯಿತು.

* * *

ಕೈಗುಣ ತಾನೇ ಕೆಳಗಿಳಿದು ಬಂದಳು. ಕಣ್ಣು ಊದಿತ್ತು. ಆದರೂ ಚೆನ್ನಾಗಿಯೇ ಕಾಣುತ್ತಿದ್ದಳು, ಅದೂ ನನಗೆ ಸಹಿಸಲಾಗಲಿಲ್ಲ.

"ನಿನ್ನೆ ಸಂಜೆ ನೀನು ವಾರ್ಡಿಗೆ ಬಂದಿದ್ದೆಯಂತೆ?" ಎಂದಳು.

"ಚೀಟಿಯಲ್ಲಿ ಒಂದು ಹೆಸರು ಅರ್ಥ ಆಗಲಿಲ್ಲ. ಕೇಳೋಕೆ ಹೋಗಿದ್ದೆ. ನನ್ನ ಮೇಲೇ ಅನುಮಾನಾನಾ?"

"ನನ್ನ ಕಂಡ್ರೆ ನಿಂಗಾಗಲ್ಲ ಕಣೇ. ಎಲ್ಲರಿಗೂ ಗೊತ್ತು."

ನಾನು ಮುಖ ತಿರುಗಿಸಿ ಸ್ಪಂಜನ್ನು ಇಕ್ಕಳದಲ್ಲಿ ಎತ್ತಿದೆ. ಅವಸರದಲ್ಲಿ ಬಾಟಲಿಗೆ ಕೆಡದಂತೆ ಕಾಯುವ ಔಷಧಿಯನ್ನೂ ಹಾಕಿರಲಿಲ್ಲ. ರಕ್ತದ ವಾಸನೆಯ ಜೊತೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಇಕ್ಕಳ ಕೆಳಗಿಟ್ಟು ಕೇಳಿದೆ:

"ಈ ಸ್ಪಂಜು ಯಾರ್‍ಯಾರ ಕೈಗೆ ಸಿಗುತ್ತೆ?"

"ನನ್ನ ಬೀರುವಿನಲ್ಲಿರುತ್ತೆ. ದೊಡ್ಡ ಡಾಕ್ಟರ ಹತ್ರ ಇನ್ನೊಂದು ಬೀಗದಕೈ ಇದೆ. ರೋಗಿಗಳಿಗೆ ಮೊದಲೇ ಒಂದು ತುಂಡು ಕೊಡ್ತೀನಿ, ಮುಟ್ಟಿ ನೋಡಲಿ ಅಂತ. ಅಷ್ಟೇ."

ದೊಡ್ಡ ಡಾಕ್ಟರು! ಮೊದಲಿನಿಂದಲೂ ಈ ಚಿಕಿತ್ಸೆ ಬೇಡವೆಂದವರು. ತಮ್ಮ ರೋಗಿಗಳೆಲ್ಲ ಇವಳ ಬಾಗಿಲಲ್ಲಿ ಸಾಲುಗಟ್ಟಿದ್ದನ್ನು ನೋಡಿ ಹಲ್ಲು ಕಡಿದವರು. ನನಗಿಂತ ದೊಡ್ಡ ಹೊಟ್ಟೆಕಿಚ್ಚು ಅವರದು. ಹಾಗೆಂದುಕೊಂಡು ಕೊಂಚ ಸಮಾಧಾನವಾಯಿತು.

* * *

ಆ ಚಿಕಿತ್ಸೆ ಸರಳ. ಕೀವು ತೆಗೆದ ಜಾಗದಲ್ಲಿ ಗುಳಿ ಉಳಿಯುತ್ತದೆ. ಅಲ್ಲಿ ಮರದ ತಿರುಳಿನಿಂದ ಮಾಡಿದ ಸೆಲ್ಯುಲೋಸ್ ಸ್ಪಂಜಿನ ತೆಳು ಬಿಲ್ಲೆ ಇಟ್ಟು ಹೊಲಿಯುತ್ತಾರೆ. ನಮ್ಮ ಮೈಗೆ ಅದನ್ನು ಅರಗಿಸಲು ಬರುವುದಿಲ್ಲ, ಆದರೆ ಅದರ ತೂತುಗಳಲ್ಲಿ ಮನೆ ಮಾಡಿಕೊಳ್ಳಲು ಬರುತ್ತದೆ. ಮೊದಲು ಬಿಳಿ ರಕ್ತಕಣಗಳು ಬಂದು ಜಗಳ ತೆಗೆಯುತ್ತವೆ. ಜಗಳ ತಣ್ಣಗಾದ ಮೇಲೆ ಹೊಸ ಜೀವಕೋಶಗಳು ಬರುತ್ತವೆ, ಅವುಗಳ ಹಿಂದೆ ಸಣ್ಣ ರಕ್ತನಾಳಗಳು.

ಈ ರೋಗಿಗೆ ಸ್ಪಂಜಿಟ್ಟು ಎರಡು ವಾರವಾಗಿತ್ತು.

ಎರಡೂ ಚೂರುಗಳನ್ನು ಯಂತ್ರದಲ್ಲಿ ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿದೆ. ಸ್ಪಂಜಿನ ಒಂದು ಮೂಲೆ ಬಣ್ಣವನ್ನೇ ಹಿಡಿಯಲಿಲ್ಲ. ಜಿಡ್ಡು. ಉಳಿದ ಕಡೆ ತೂತುಗಳ ತುಂಬ ರಕ್ತ. ಅಷ್ಟೇ. ಒಂದು ಹೊಸ ಜೀವಕೋಶವಿಲ್ಲ, ಒಂದು ರಕ್ತನಾಳವಿಲ್ಲ.

ಆಮೇಲೆ ಮಾಂಸದ ಚೂರು. ಒಳ್ಳೆಯ ಹೊಸ ಮಾಂಸ. ಸುಮ್ಮನೆ ಬೆಳಕಿನ ದಾರಿಗೆ ಎರಡು ವಿಶೇಷ ಗಾಜು ಅಡ್ಡ ಇಟ್ಟು ತಿರುಗಿಸಿದೆ. ಸುತ್ತ ಕತ್ತಲಾಯಿತು. ಕತ್ತಲಲ್ಲಿ ಬೆಳ್ಳಗೆ ಎಳೆ ಎಳೆಯಾಗಿ ಏನೋ ಹೊಳೆಯಿತು.

ಕುರ್ಚಿಗೆ ಒರಗಿದೆ. 'ಮೈ ಒಪ್ಪಲಿಲ್ಲ' ಎಂದು ಬರೆದು ಕಳಿಸಿದರೆ ಕೇಳುವವರಿರಲಿಲ್ಲ. ಕೈಗುಣದ ಹೆಸರು ಮಣ್ಣುಪಾಲು. ಪೆನ್ನು ಕೈಯಲ್ಲೇ ಇತ್ತು. ಮೇಲೆ ಒಬ್ಬನ ಹೊಟ್ಟೆ ಕೆರೆಯಲು ಕತ್ತಿ ತೊಳೆಯುತ್ತಿದ್ದರು.

ಪೆನ್ನಿಟ್ಟು ಮೆಟ್ಟಿಲು ಹತ್ತಿದೆ.

* * *

ವಾರ್ಡಿನಲ್ಲಿ ದೊಡ್ಡ ಡಾಕ್ಟರು, ಕೈಗುಣ ಇಬ್ಬರೂ ಇದ್ದರು. ರೋಗಿ ಬಸ್ ಡ್ರೈವರು. ನೋವಿನಲ್ಲೂ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಕೈಗುಣದ ಕಡೆಗೇ ನೋಡುತ್ತ ಮಲಗಿದ್ದ. ಪಕ್ಕದ ಸ್ಟೂಲಿನಲ್ಲಿ ಅವನ ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಆಕೆ ಟೈಲರು. ನೂಲು ಕತ್ತರಿಸುವ ಪುಟ್ಟ ಕತ್ತರಿ ಕೊರಳಲ್ಲಿ ನೇತಾಡುತ್ತಿತ್ತು.

"ವರದಿ?" ಎಂದರು ದೊಡ್ಡ ಡಾಕ್ಟರು.

"ಮೊದಲು ಬಿಚ್ಚಿದ ಹೊಲಿಗೆ ತೋರಿಸಿ."

ನರ್ಸು ದಾರವನ್ನು ಟ್ರೇಯಲ್ಲೇ ಇಟ್ಟಿದ್ದಳು. ನೋಡಿದೆ. ದೊಡ್ಡ ಡಾಕ್ಟರ ಮೇಲಿದ್ದ ನನ್ನ ಅನುಮಾನ ಅಲ್ಲೇ ಸತ್ತಿತು. ಸ್ವಲ್ಪ ಬೇಸರವೂ ಆಯಿತು.

"ಇದು ತಾನಾಗಿ ಬಿಚ್ಚಿದ್ದಲ್ಲ, ಕತ್ತರಿಸಿದ್ದು. ಡಾಕ್ಟರಾಗಲಿ ನರ್ಸಾಗಲಿ ಗಂಟಿನ ಬುಡದಲ್ಲಿ, ಚರ್ಮಕ್ಕೆ ತಾಗಿಸಿ ಕತ್ತರಿಸ್ತಾರೆ. ಹೊರಗಿನ ದಾರ ಗಾಯದೊಳಗೆ ಹೋಗಬಾರದು ನೋಡಿ. ಇದನ್ನ ನಟ್ಟನಡುವೆ ಕತ್ತರಿಸಿದ್ದಾರೆ. ಬಟ್ಟೆಯ ಹೊಲಿಗೆ ಬಿಚ್ಚೋ ಹಾಗೆ."

ಗುಂಡಿ ಹೊಲಿಯುತ್ತಿದ್ದ ಕೈ ನಿಂತಿತು.

ನಾನು ಡ್ರೈವರನ್ನು ಕೇಳಿದೆ: "ಡಾಕ್ಟರು ಮುಟ್ಟಿ ನೋಡೋಕೆ ಒಂದು ಸ್ಪಂಜು ಕೊಟ್ಟಿದ್ದರಲ್ಲ, ಅದೆಲ್ಲಿ?"

ಅವನ ಕಿವಿ ಕೆಂಪಾಯಿತು. ಎಣ್ಣೆಯ ಕಲೆಯಾಗಿದ್ದ ದಿಂಬಿನ ಕೆಳಗೆ ಕೈ ಹಾಕಿದ. ತಡಕಿದ. ದಿಂಬನ್ನೇ ಎತ್ತಿದ.

"ಇಲ್ಲೇ ಇಟ್ಕೊಂಡಿದ್ದೆ..."

"ಹೂಂ. ಅದಕ್ಕೇ ಬಾಟಲಿಯ ಸ್ಪಂಜಿಗೆ ತಲೆಗೆ ಹಚ್ಚೋ ಎಣ್ಣೆ ವಾಸನೆ. ಬೆಳಗ್ಗೆ ಬಿದ್ದದ್ದು ಆ ತುಂಡು. ಒಂದೇ ಒಂದು ದಿನವೂ ಯಾರ ಮೈಯೊಳಗೂ ಇದ್ದದ್ದಲ್ಲ."

"ಹಾಗಾದ್ರೆ ಒಳಗಿಟ್ಟ ಸ್ಪಂಜು?" ದೊಡ್ಡ ಡಾಕ್ಟರು ಗದರಿದರು. "ನಾನೇ ಕಣ್ಣಾರೆ ನೋಡಿದೀನಿ. ಬರೀ ಮಾಂಸ!"

"ಅದೇ ಸರ್ ಸ್ಪಂಜು. ತೂತುಗಳೆಲ್ಲ ಮಾಂಸ ತುಂಬಿ ಬರಿಗಣ್ಣಿಗೆ ಕಾಣದಾಗಿದೆ. ಸೆಲ್ಯುಲೋಸಿನ ಎಳೆ ನನ್ನ ಮೈಕ್ರೋಸ್ಕೋಪಿನ ವಿಶೇಷ ಗಾಜುಗಳ ನಡುವೆ ಹೊಳೆಯುತ್ತೆ, ಬಂದು ನೋಡಿ. ಪ್ರತಿ ಎಳೆಯ ಪಕ್ಕ ಒಂದು ರಕ್ತನಾಳ ಇದೆ. ಮಧ್ಯಾಹ್ನ ನೀವು ಕೆರೆದು ಬಿಸಾಡೋಕೆ ಹೊರಟಿದ್ದು ಅದನ್ನೇ."

ಕೈಗುಣ ಮಂಚದ ಕಂಬಿ ಹಿಡಿದುಕೊಂಡಳು.

ಟೈಲರಮ್ಮನ ಕಡೆ ಯಾರೂ ಬೆರಳು ತೋರಿಸಬೇಕಾಗಲಿಲ್ಲ. ಅಂಗಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ನಾನೇ. ಇವರು ಮಾತ್ರೆ ತಗೊಂಡು ಮಲಗಿದ್ದಾಗ ಹೊಲಿಗೆ ಕತ್ತರಿಸಿ, ಆ ತುಂಡನ್ನ ಬ್ಯಾಂಡೇಜಿನ ಕೆಳಗೆ ತುರುಕಿದೆ."

"ನೀನೇನೇ?" ಎಂದ ಡ್ರೈವರು. "ಯಾಕೇ?"

"ಯಾಕೆ ಅಂತ ಬೇರೆ ಕೇಳ್ತೀರಾ! ಮದುವೆಯಾದಾಗಿನಿಂದ ನಿಮ್ಮ ಅಂಗಿಗಳನ್ನೆಲ್ಲ ನಾನೇ ಹೊಲಿದೆ. ಒಂದು ದಿನ ಕನ್ನಡಿ ಮುಂದೆ ನಿಂತು ನೋಡ್ಕೊಂಡಿರಾ? ಈಯಮ್ಮ ಬರೋ ಹೊತ್ತಿಗೆ ಬೈತಲೆ! ಈಯಮ್ಮ ಕೊಟ್ಟ ಚಿಂದಿಗೆ ದಿಂಬಿನ ಕೆಳಗೆ ಜಾಗ! ಚಿಕಿತ್ಸೆ ಕೆಟ್ಟಿತು ಅಂದ್ರೆ ಬೇರೆ ಡಾಕ್ಟರು ನೋಡ್ತಾರೆ, ಇವರು ಬರಲ್ಲ ಅಂದ್ಕೊಂಡೆ. ಹೊಟ್ಟೆ ಕೆರೀತಾರೆ ಅಂತ ಗೊತ್ತಿರಲಿಲ್ಲ. ಬೆಳಗ್ಗೆಯಿಂದ ಹೇಳೋಕೆ ಬಾಯಿ ಬರಲಿಲ್ಲ."

ಅಳತೊಡಗಿದಳು. ಎದ್ದು ಕೈಗುಣದ ಮುಂದೆ ಕೈ ಜೋಡಿಸಿದಳು. "ತಪ್ಪಾಯ್ತು ಡಾಕ್ಟ್ರೇ. ಹೊಟ್ಟೆಗೆ ಹಾಕ್ಕೊಳ್ಳಿ."

ಕೈಗುಣ ಕಂಬಿಯಿಂದ ಕೈ ತೆಗೆದಳು. ಒಂದು ಬೆಳಗಿನಲ್ಲಿ ಅವಳ ಕೆಲಸ, ಹೆಸರು ಎರಡೂ ಬೀದಿಗೆ ಬಿದ್ದು ಎದ್ದಿದ್ದವು. ಕೊನೆಗೆ ಡ್ರೈವರ ಹೊಟ್ಟೆಯ ಕಡೆ ನೋಡಿದಳು.

"ನಾನಿಟ್ಟ ಸ್ಪಂಜನ್ನ ಆ ಹೊಟ್ಟೆ ಎರಡೇ ವಾರದಲ್ಲಿ ಹಾಕ್ಕೊಂಡಿದೆ. ನನಗೆ ಸ್ವಲ್ಪ ಜಾಸ್ತಿ ದಿನ ಬೇಕು. ಕತ್ತರಿ ಇಲ್ಲಿ ಕೊಡಿ."

ಆಕೆ ಕೊರಳಿನಿಂದ ಕತ್ತರಿ ತೆಗೆದು ಕೊಟ್ಟಳು. ಡ್ರೈವರು ಮಾತ್ರ ಹೆಂಡತಿಯನ್ನು ಹೊಸದಾಗಿ ಕಂಡವನಂತೆ ನೋಡುತ್ತಿದ್ದ. ತೋಳು ಚಾಚಿ ಆ ಅಂಗಿಯನ್ನು ಎತ್ತಿಕೊಂಡು, ಮಡಿಕೆ ಬಿಚ್ಚದೆ, ದಿಂಬಿನ ಕೆಳಗಿಟ್ಟ.

* * *

ಮೆಟ್ಟಿಲ ಬಳಿ ಕೈಗುಣ ನನ್ನ ತೋಳು ಹಿಡಿದಳು.

"ನಿನ್ನ ಮೇಲೆ ಅನುಮಾನಪಟ್ಟೆ. ಬೇಜಾರಾಯ್ತಾ?"

"ಇಲ್ಲ."

"ಇದು ಹೊಟ್ಟೆಕಿಚ್ಚಿನ ಕೆಲಸ ಅಂತ ಅಷ್ಟು ಬೇಗ ಹೇಗೆ ಗೊತ್ತಾಯ್ತೇ?"

"ವಾಸನೆ ಬಂತು" ಎಂದೆ.

ಅವಳು ನಕ್ಕಳು. ತಲೆಗೆ ಹಚ್ಚುವ ಎಣ್ಣೆಯ ವಾಸನೆಯೆಂದುಕೊಂಡಳು. ನಾನು ತಿದ್ದಲು ಹೋಗಲಿಲ್ಲ.