ಬಿಳಿ ನರಿಯ ಪಾಳಿ

ಕನ್ಯೆ ನೋಡಲು ಹಲಸಂಗಿಯಿಂದ ಬಂದವರಿಗೆ ಅವಲಕ್ಕಿ ಕೊಟ್ಟು, ಹಿರಿಯರ ಕಾಲು ಮುಟ್ಟಿ ದಾನೇಶ್ವರಿ ಮಾಳಿಗೆ ಹತ್ತಿದಾಗ, ನೋಡಲು ಬಂದ ಗಂಡು ಅವಳ ಫೋನ್ ಹಿಡಿದು ನಿಂತಿದ್ದ.

ಇಬ್ಬರೂ ಮಾತಾಡಿಕೊಳ್ಳಲಿ ಎಂದು ಅವ್ವ ಸಿದ್ದವ್ವ ಅವನನ್ನು ಮೊದಲೇ ಮೇಲೆ ಕಳಿಸಿದ್ದಳು. ಒಣಹಾಕಿದ ಶ್ಯಾವಿಗೆಯ ಪಕ್ಕದಲ್ಲಿ ದಾನೇಶ್ವರಿ ಅವಸರಕ್ಕೆ ಬಿಟ್ಟುಹೋದ ಫೋನು ಬೆಳಗುತ್ತಲೇ ಇತ್ತು.

"ಈ ಗೇಮ್ ನಾನೂ ಆಡ್ತೇನ್ರಿ!" ಸಿದ್ದಲಿಂಗನ ಮುಖ ಅರಳಿತ್ತು. "ನಿಮ್ಮ ನಾಕೂ ಮಂದಿ ಸಾಯಾಕ ಹತ್ತಿದ್ರು. 'ರನ್' ಒತ್ತಿ ಓಡಿಸಿ ಉಳಿಸೇನಿ."

ಅದು ಜಪಾನಿ ಮಾದರಿಯ ಅಗ್ಗದ ಗೇಮು. ಉಗುರಿನಷ್ಟು ವೀರರು, ಕಾಡು, ಊರು, ರಾಕ್ಷಸರು. ಹೊಡೆಯಬೇಕೋ, ಮದ್ದು ಕೊಡಬೇಕೋ, ಓಡಬೇಕೋ, ನಾವು ಒತ್ತುವವರೆಗೂ ಎದುರಾಳಿ ನಿಂತಲ್ಲೇ ನಿಂತಿರುತ್ತದೆ. ಕಾಲುವೆ ನೀರಿನ ಹಾಗೆ, ನಮ್ಮ ಪಾಳಿ ನಮಗೆ. ದಾನೇಶ್ವರಿ ಕಲಿಸುವ ಬಾಗೇವಾಡಿಯ ಶಾಲೆಯಲ್ಲಿ ಮಕ್ಕಳಿಗೆ, ಮಸೂತಿ ಊರಿನ ಮನೆಯಲ್ಲಿ ಹಿರಿಯರಿಗೆ, ಎಲ್ಲರಿಗೂ ಅವಳ ಉತ್ತರ ಆಗಿಂದಾಗಲೇ ಬೇಕು. ಇದೊಂದು ಮಾತ್ರ ಕಾಯುತ್ತಿತ್ತು.

"ಅಲ್ಲೊಂದು ಬಿಳಿ ನರಿ ಇತ್ತಲ್ರಿ?"

"ಹೌದ್ರಿ. ಅದರಿಂದನ ಪಾರಾದ್ವಿ."

"ಅದರ ಕೊಳ್ಳಾಗಿನ ಗಂಟಿ ಸಿಗಲಿಲ್ಲಂದ್ರ ಕಡೀ ಊರಿನ ಬಾಗಲಾ ತೆಗ್ಯಂಗಿಲ್ಲ. ಸುಗ್ಗಿ ಮುಗದಾಗಿಂದ ಹುಡಕಾಕತ್ತಿದ್ದೆ. ಇವತ್ತ ಬಂದಿತ್ತು."

ಅವನ ಕಿವಿ ಕೆಂಪೇರಿತು. "ನಾ ಅಲ್ಲೀತನಕ ಹೋಗಿಲ್ರಿ, ಗೊತ್ತಿರಲಿಲ್ಲ. ತಡಕೊಳ್ಳಾಕ ಆಗಲಿಲ್ಲ."

"ಪಾಳಿ ನಂದಿತ್ತು. ನೀವ್ಯಾಕ ಒತ್ತಿದ್ರಿ?"

ಅವನು ಫೋನನ್ನು ಮೆಲ್ಲಗೆ ಅವಳ ಕೈಗಿಟ್ಟ. ಅವನ ಅಂಗಿಯಿಂದ ಲಿಂಬೆ ಎಲೆಯ ಘಮ ಬರುತ್ತಿತ್ತು. ಅದು ಹಿಡಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವರು ಹೋದ ಮೇಲೆ ಅಪ್ಪ ಪರಪ್ಪ ಏನಂತೀ ಎಂದು ಕೇಳಿದ. ವಿಚಾರ ಮಾಡ್ತೇನಪ್ಪ ಎಂದಳು. ಇವತ್ತು ನರಿ, ನಾಳೆ ನನ್ನ ನೌಕರಿ. ಕೇಳದೆ ಒತ್ತುವ ಕೈ ಎಲ್ಲಿ ನಿಲ್ಲುತ್ತದೆ?

"ನರಿ ಸಲುವಾಗಿ ಗಂಡು ಬಿಡ್ತಾರೇನ ಯವ್ವಾ?" ಮಾಳಿಗೆಯಲ್ಲಿ ನಡೆದದ್ದನ್ನು ಮಗಳ ಬಾಯಿಂದ ಕೇಳಿ ಸಿದ್ದವ್ವ ಹಣೆ ಹಣೆ ಬಡಿದುಕೊಂಡಳು.

ಹಲಸಂಗಿಯವರು ಉತ್ತರಕ್ಕೆ ಕಾಯುತ್ತಲೇ ಇದ್ದರು.

ಒಂದು ಸಂಜೆ ಶಾಲೆ ಬಿಟ್ಟು ಬಾಗೇವಾಡಿ ಬಸ್‌ಸ್ಟ್ಯಾಂಡಿಗೆ ಬಂದಳು. ಶೇಂಗಾ ಮಾರುವವಳ ಆಚೆ ಸಿದ್ದಲಿಂಗ ನಿಂತಿದ್ದ. ಎರಡೂ ಅಂಗೈಗಳಲ್ಲಿ ಫೋನು, ಗಾಳಿಗೆ ದೀಪ ಹಿಡಿದವನಂತೆ. ಕಿಸೆಯೊಳಗಿನ ಪವರ್ ಬ್ಯಾಂಕಿನಿಂದ ವೈರು ಜೋತಿತ್ತು.

"ಬಂದೈತ್ರಿ," ಅಂದ.

ಪರದೆಯ ಮೇಲೆ ಬಿಳಿ ನರಿ. ಎದುರಿಗೆ ಅವನ ನಾಲ್ವರು ವೀರರು, ಅವರಲ್ಲೊಬ್ಬ ಕೋಲು ಹಿಡಿದ ಮುದುಕ, ಎಲ್ಲರ ಜೀವದ ಪಟ್ಟಿ ಕೆಂಪಗಾಗಿ.

"ಯಾವಾಗ?"

"ಮುಂಜಾನಿ, ಲಿಂಬಿ ತ್ವಾಟದಾಗ. ಒತ್ತಿಲ್ಲ ನೋಡ್ರಿ."

"ಹಲಸಂಗಿಯಿಂದ ಹಿಂಗ ಹಿಡಕೊಂಡ ಬಂದ್ರೇನ?"

"ವಿಜಾಪುರದಾಗ ಬಸ್ ಬದ್ಲಿ ಮಾಡೂಮುಂದ ಒಬ್ಬಾಂವ ಹಾಯ್ದ ನೋಡ್ರಿ, ಜೀವಾನ ಹೋಗಿತ್ತು. ಫೋನ್ ಬಂದ್ರ ಗೇಮ್ ಬಂದಾಗ್ತೈತಿ, ಅದಕ್ಕ ಫ್ಲೈಟ್ ಮೋಡ್‌ನ್ಯಾಗ ಇಟ್ಟೇನಿ. ಇಂಡಿ ಪ್ಯಾಟ್ಯಾಗ ಲಿಂಬಿ ಕೊಳ್ಳೋ ಅಡತ್ಯಾಂವ ಬೈಯಾಕತ್ತಿರಬೇಕು. ಇವತ್ತ ಮಾಲು ಕಳಸೋದಿತ್ತು."

"ಮತ್ತ?"

"ಲಿಂಬಿ ನಾಳೆ ಹೋಗ್ತಾವ. ಇದು ಮತ್ತ ಯಾವಾಗ ಬರ್ತೈತೋ." ಫೋನ್ ಚಾಚಿದ. "ಪಾಳಿ ನಿಮ್ದು."

ಪರದೆ ಆರದಂತೆ ಅವನ ಹೆಬ್ಬೆರಳು ಮೂಲೆಯ ಖಾಲಿ ಜಾಗವನ್ನು ಮೆಲ್ಲಗೆ ಮುಟ್ಟುತ್ತಿರುವುದನ್ನು ಅವಳು ನೋಡಿದಳು. ದಾರಿಯುದ್ದಕ್ಕೂ ಹೀಗೆಯೇ ಮುಟ್ಟುತ್ತ ಬಂದಿರಬೇಕು.

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಮಸೂತಿಯ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಹೋಯಿತು. ದಾನೇಶ್ವರಿ ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಒಮ್ಮೆ ಅವನ ಕೈ ತಾನಾಗಿ ಮೇಲೆದ್ದಿತು. ತಟ್ಟನೆ ಅದನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟ.

ಅವಳಿಗೆ ನಗು ತಡೆಯಲಾಗಲಿಲ್ಲ. "ಏನೋ ಹೇಳಾಕ ಹೊಂಟಿದ್ರಿ."

"ಏನಿಲ್ರಿ."

"ನಾನ ಕೇಳಾಕತ್ತೇನಿ. ಹೇಳ್ರಿ."

"ಮೊದಲ ಆ ಮುದುಕಗ ಮದ್ದು ಕೊಡ್ರಿ."

ಕೊಟ್ಟಳು. ಮುದುಕ ಎದ್ದು ಕೋಲು ಬೀಸಿದ. ನರಿ ಉರುಳಿತು, ಅದರ ಕೊರಳಿನ ಗಂಟೆ ಸಣ್ಣಗೆ ಟಿಣ್ಣೆಂದಿತು.

"ಗಂಟಿ ನಿಮ್ಮ ಫೋನ್‌ನ್ಯಾಗ ಉಳೀತಲ್ರಿ," ಅಂದಳು.

ಅವನು ತನ್ನ ಚಪ್ಪಲಿ ನೋಡಿಕೊಂಡ. "ಕಡೀ ಊರಿಗೆ ಇಬ್ರೂ ಒಂದ ಫೋನ್‌ನ್ಯಾಗ ಹೋಗೂಣ್ರಿ. ನೀವು ಹೂಂ ಅಂದ್ರ."

"ನನ್ನ ನೌಕರಿ?"

"ಇಂಡ್ಯಾಗೂ ಸಾಲಿ ಅದಾವ. ಬ್ಯಾಡಂದ್ರ ಬಾಗೇವಾಡ್ಯಾಗ ಬಾಡಗಿ ಮನಿ ಅದಾವ, ತ್ವಾಟಕ್ಕ ನಾ ಹೋಗಿ ಬರ್ತೇನಿ. ನೀವು ಹೇಳ್ರಿ. ನಾ ಒತ್ತಂಗಿಲ್ಲ."

ಶೇಂಗಾ ಮಾರುವವಳು ಇವರನ್ನೇ ನೋಡುತ್ತಿದ್ದಳು. ದಾನೇಶ್ವರಿ ಫೋನನ್ನು ಅವನ ಅಂಗೈಯಲ್ಲಿಟ್ಟಳು. ಬೆರಳು ತಗುಲಿದವು. ಕೂಡಲೇ ತೆಗೆಯಲಿಲ್ಲ.

"ಫ್ಲೈಟ್ ಮೋಡ್ ತಗೀರಿ. ಮನಿಗೆ ಫೋನ್ ಹಚ್ರಿ."

"ಏನಂತ ಹೇಳ್ಲಿ?"

"ಹುಡುಗಿ ಓಡಿಲ್ಲ, ಹೂಂ ಅಂದಾಳಂತ ಹೇಳ್ರಿ."

ಅವನು ಒತ್ತಿದ. ಬೆಳಗಿನಿಂದ ತಡೆದಿದ್ದ ಮೆಸೇಜುಗಳೆಲ್ಲ ಟಣ್ ಟಣ್ ಎಂದು ಒಂದರ ಹಿಂದೊಂದು ಬರತೊಡಗಿದವು. ಇಬ್ಬರೂ ಆ ಕಡೆ ನೋಡಲಿಲ್ಲ.